ಅಟ್ಟದ ಮೇಲಿನ ಹೆಂಗಸಿನ ಲೆಕ್ಕ ಯಾರು ಕೊಡ್ತಾರೆ? ಜೀನ್ ರೀಸ್ ಬದುಕು ಮತ್ತು ಬರಹ

ಇವತ್ತಿನ ಎಪಿಸೋಡ್ ಒಬ್ಬ ಲೇಖಕಿಯ ಬಗ್ಗೆ. ಹುಟ್ಟಿದ್ದು ಕೆರಿಬಿಯನ್ ದ್ವೀಪ ಒಂದರಲ್ಲಿ. ಬದುಕಿದ್ದು ಇಂಗ್ಲೆಂಡ್ ಮತ್ತು ಪ್ಯಾರಿಸ್‌ನಲ್ಲಿ. ಹೆಸರು ಬಂದಿದ್ದು 76ನೇ ವಯಸ್ಸಲ್ಲಿ. ಅವರೇ ಜೀನ್ ರೀಸ್.

ಸಾಹಿತ್ಯದ ಎಪಿಸೋಡ್ ಅಂದ ತಕ್ಷಣ ಸ್ಕಿಪ್ ಮಾಡಬೇಡಿ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಕಾದಂಬರಿ ಓದುವಾಗಲೂ ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ ನೋಡೋದು ಅಭ್ಯಾಸ. ಜೀನ್ ರೀಸ್ ವಿಷಯದಲ್ಲಿ ಈ ಅಭ್ಯಾಸ ನಿಜಕ್ಕೂ ಕೆಲಸಕ್ಕೆ ಬರುತ್ತೆ. ಯಾಕಂದ್ರೆ ಅವರ ಕಥೆಗಳಲ್ಲಿ ಪ್ರೀತಿಯ ಪಕ್ಕದಲ್ಲೇ ಯಾವಾಗಲೂ ಒಂದು ಲೆಕ್ಕ ಇರುತ್ತೆ. ಬಾಡಿಗೆ ಎಷ್ಟು, ಪರ್ಸಲ್ಲಿ ಉಳಿದಿದ್ದು ಎಷ್ಟು, ಆ ದುಡ್ಡು ಯಾರು ಕೊಟ್ಟಿದ್ದು.

ಮೊದಲು ಒಂದು ಹಳೇ ಕಥೆ

1847ರಲ್ಲಿ ಷಾರ್ಲೆಟ್ ಬ್ರಾಂಟೆ ಅವರ ‘ಜೇನ್ ಐರ್’ ಕಾದಂಬರಿ ಬಂತು. ಕೆಲವರು ಕಾಲೇಜಲ್ಲಿ ಓದಿರ್ತೀರಿ. ಓದದೇ ಇರೋರಿಗೆ ಚಿಕ್ಕದಾಗಿ ಹೇಳ್ತೀನಿ. ಜೇನ್ ಅನ್ನೋ ಅನಾಥ ಹುಡುಗಿ ದೊಡ್ಡ ಬಂಗಲೆಯೊಂದಕ್ಕೆ ಮಗುವಿಗೆ ಪಾಠ ಹೇಳೋಕೆ ಬರ್ತಾಳೆ. ಮನೆ ಯಜಮಾನ ರಾಚೆಸ್ಟರ್‌ಗೂ ಅವಳಿಗೂ ಪ್ರೀತಿ ಆಗುತ್ತೆ. ಮದುವೆ ದಿನ, ಚರ್ಚ್‌ನಲ್ಲೇ, ಅವನಿಗೆ ಈಗಾಗಲೇ ಹೆಂಡತಿ ಇದ್ದಾಳೆ ಅಂತ ಗೊತ್ತಾಗುತ್ತೆ. ಅವಳು ಅದೇ ಬಂಗಲೆಯ ಮೇಲಿನ ಅಂತಸ್ತಿನಲ್ಲಿ ಬೀಗ ಹಾಕಿದ ಕೋಣೆಯಲ್ಲಿ ಇರ್ತಾಳೆ. ಹೆಸರು ಬರ್ತಾ ಮೇಸನ್, ಜಮೈಕಾದವಳು. ಅವಳಿಗೆ ಹುಚ್ಚು ಅಂತ ಗಂಡ ಹೇಳ್ತಾನೆ.

ಈ ಬರ್ತಾ ಕಾದಂಬರಿ ಪೂರ್ತಿ ನಗ್ತಾಳೆ, ಗುರುಗುಟ್ಟುತ್ತಾಳೆ, ಮೈಮೇಲೆ ಬೀಳ್ತಾಳೆ, ಕೊನೆಗೆ ಮನೆಗೆ ಬೆಂಕಿ ಇಟ್ಟು ಮಾಡಿನಿಂದ ಹಾರಿ ಸಾಯ್ತಾಳೆ. ಆದ್ರೆ ತನ್ನ ಕಥೆ ತಾನು ಹೇಳೋಕೆ ಅವಳಿಗೆ ಒಂದೇ ಒಂದು ಪುಟ ಸಿಗಲ್ಲ. ಅವಳ ಬಗ್ಗೆ ನಮಗೆ ಗೊತ್ತಾಗೋದು ಹೆಚ್ಚಾಗಿ ಗಂಡನ ಬಾಯಿಂದ. ಆ ಗಂಡನೇ ಇನ್ನೊಂದು ವಿಷಯವನ್ನೂ ಬಾಯಿಬಿಡ್ತಾನೆ. ಅವನು ಎರಡನೇ ಮಗ. ಅಪ್ಪ ಆಸ್ತಿ ಪೂರ್ತಿ ಅಣ್ಣನಿಗೆ ಬಿಟ್ಟು, ಇವನಿಗೆ ದುಡ್ಡಿರೋ ಹುಡುಗಿ ನೋಡಿದ. ಬರ್ತಾ ಜೊತೆ ಬಂದಿದ್ದು 30,000 ಪೌಂಡ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ವರದಕ್ಷಿಣೆ.

ಕೋಟಿಗಟ್ಟಲೆ ಓದುಗರು ಈ ಭಾಗ ಓದಿ ಮುಂದೆ ಹೋದ್ರು. ಒಬ್ಬರು ಮಾತ್ರ ಅಲ್ಲೇ ನಿಂತ್ರು. ‘ಇದು ಒಂದೇ ಕಡೆಯ ಕಥೆ, ಇನ್ನೊಂದು ಕಡೆ ಎಲ್ಲಿ?’ ಅನ್ನೋದು ಅವರ ಪ್ರಶ್ನೆ. ನಿಲ್ಲೋಕೆ ಅವರಿಗೆ ಸ್ವಂತ ಕಾರಣವೂ ಇತ್ತು. ಅವರೂ ಆ ಕಡೆಯಿಂದಲೇ ಬಂದವರು.

ಡೊಮಿನಿಕಾದ ಹುಡುಗಿ

ಜೀನ್ ರೀಸ್ ಹುಟ್ಟಿದ್ದು 1890ರ ಆಗಸ್ಟ್ 24ರಂದು, ಡೊಮಿನಿಕಾ ದ್ವೀಪದ ರೋಸೋ ಪಟ್ಟಣದಲ್ಲಿ. ಡೊಮಿನಿಕನ್ ರಿಪಬ್ಲಿಕ್ ಬೇರೆ ದೇಶ, ಗೊಂದಲ ಮಾಡ್ಕೋಬೇಡಿ. ಇದು ಗುಡ್ಡ, ಕಾಡು, ಮಳೆ ತುಂಬಿದ ಪುಟ್ಟ ದ್ವೀಪ. ಆಗ ಬ್ರಿಟಿಷರ ವಸಾಹತು. ಜನರಲ್ಲಿ ಬಹುಪಾಲು ಆಫ್ರಿಕಾ ಮೂಲದ ಕಪ್ಪು ಜನ, ಬಿಳಿಯರು ಬೆರಳೆಣಿಕೆಯಷ್ಟು. ಆಡಳಿತದ ಭಾಷೆ ಇಂಗ್ಲಿಷ್, ಬೀದಿಯ ಭಾಷೆ ಫ್ರೆಂಚ್ ಮೂಲದ ಪಾಟ್ವಾ.

ಹುಟ್ಟಿದಾಗಿನ ಹೆಸರು ಎಲ್ಲಾ ಗ್ವೆಂಡೊಲಿನ್ ರೀಸ್ ವಿಲಿಯಮ್ಸ್. ಅಪ್ಪ ವೇಲ್ಸ್‌ನಿಂದ ಬಂದ ಡಾಕ್ಟರ್. ಅಮ್ಮ ಲಾಕ್‌ಹಾರ್ಟ್ ಮನೆತನದವರು, ಅಂದ್ರೆ ತಲೆಮಾರುಗಳಿಂದ ಅಲ್ಲೇ ಬೇರೂರಿದ್ದ ಬಿಳಿಯರು. ಇಂಥವರನ್ನ ಕ್ರಿಯೋಲ್ ಅಂತ ಕರೀತಿದ್ರು. ಅಮ್ಮನ ಕಡೆಯ ಮುತ್ತಜ್ಜ ಜಿನೀವಾ ಅನ್ನೋ ಎಸ್ಟೇಟಿನ ಮಾಲೀಕ. ಅಲ್ಲಿ ದುಡೀತಿದ್ದವರು ಗುಲಾಮರು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕ್ರಿಯೋಲ್ ಬಿಳಿಯರ ಸ್ಥಿತಿ ವಿಚಿತ್ರ. ದ್ವೀಪದ ಕಪ್ಪು ಜನರಿಗೆ ಇವರು ಹಳೇ ಧಣಿಗಳ ಮೊಮ್ಮಕ್ಕಳು. ಇಂಗ್ಲೆಂಡಿನವರಿಗೆ ಪೂರ್ತಿ ಇಂಗ್ಲಿಷರಲ್ಲದ, ಬಿಸಿಲು ನಾಡಿನ ಅನುಮಾನದ ಜನ. ಅಧಿಕಾರ ಇತ್ತು, ಆದ್ರೆ ಊರು ಅಂತ ಎದೆ ತಟ್ಟಿ ಹೇಳ್ಕೊಳ್ಳೋಕೆ ಜಾಗ ಇರಲಿಲ್ಲ. ರೀಸ್ ಅವರ ಎಲ್ಲಾ ಬರವಣಿಗೆಯ ಒಳಗೆ ಈ ಇಕ್ಕಟ್ಟು ಇದೆ.

ನಾಲಿಗೆಯೇ ಅಡ್ಡಿ

1907ರಲ್ಲಿ, 16ನೇ ವಯಸ್ಸಲ್ಲಿ, ಹುಡುಗೀನ ಓದೋಕೆ ಇಂಗ್ಲೆಂಡಿಗೆ ಕಳಿಸಿದ್ರು. ಕೇಂಬ್ರಿಜ್‌ನ ಶಾಲೆಯಲ್ಲಿ ಅವರ ಮಾತಿನ ಧಾಟಿ ಕೇಳಿ ನಕ್ಕರು. ನಟಿ ಆಗ್ತೀನಿ ಅಂತ 1909ರಲ್ಲಿ ಲಂಡನ್‌ನ ನಾಟಕ ಶಾಲೆಗೆ ಸೇರಿದ್ರೆ ಅಲ್ಲೂ ಅದೇ ಕಥೆ. ಆ ಕೆರಿಬಿಯನ್ ಧಾಟಿ ಹೋಗಲ್ಲ, ಇವಳಿಗೆ ಪಾತ್ರ ಸಿಗಲ್ಲ ಅನ್ನೋ ತೀರ್ಮಾನ. ನಾಟಕ ಶಾಲೆ ಬಿಡಬೇಕಾಯ್ತು. 1910ರಲ್ಲಿ ಅಪ್ಪ ತೀರಿಕೊಂಡ್ರು. ವಾಪಸ್ ಹೋಗೋ ಬದಲು ರೀಸ್ ಊರೂರು ತಿರುಗೋ ನಾಟಕ ಕಂಪನಿಯಲ್ಲಿ ಕೋರಸ್ ಹುಡುಗಿಯಾಗಿ ಸೇರಿಕೊಂಡ್ರು. ಗುಂಪಲ್ಲಿ ಹಾಡಿ ಕುಣಿಯೋ ಕೆಲಸ. ಚಳಿ, ಅಗ್ಗದ ಬಾಡಿಗೆ ರೂಮು, ಮುಖ ಗಂಟಿಕ್ಕೋ ಮನೆ ಮಾಲಕಿಯರು.

ಆಗ ವಯಸ್ಸಲ್ಲಿ ತುಂಬಾ ದೊಡ್ಡವರಾದ ಒಬ್ಬ ಶ್ರೀಮಂತ ಷೇರು ದಲ್ಲಾಳಿಯ ಜೊತೆ ಸಂಬಂಧ ಆಯ್ತು. ಅವರು ಕೈಬಿಟ್ಟ ಮೇಲೂ ಸ್ವಲ್ಪ ಕಾಲ ಹಣ ಬರ್ತಾ ಇತ್ತು. ಆ ಹಣ ಅವಮಾನವೂ ಹೌದು, ಹೊಟ್ಟೆಪಾಡೂ ಹೌದು. ಆ ದಿನಗಳಲ್ಲಿ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟಿದ್ದೇ ಮುಂದೆ 1934ರಲ್ಲಿ ‘ವಾಯೇಜ್ ಇನ್ ದ ಡಾರ್ಕ್’ ಕಾದಂಬರಿ ಆಯ್ತು. ಅದರ ನಾಯಕಿ ಅನಾ ಮಾರ್ಗನ್ ಡೊಮಿನಿಕಾದಿಂದ ಬಂದ ಕೋರಸ್ ಹುಡುಗಿ. ರೀಸ್ ಮೊದಲು ಬರೆದ ಕೊನೆಯಲ್ಲಿ ಅನಾ ಸಾಯ್ತಾಳೆ. ಪ್ರಕಾಶಕರು ಒಪ್ಪಲಿಲ್ಲ, ಕೊನೆ ಬದಲಾಯಿಸಿ ಅಂದ್ರು. ಬದಲಾಯಿಸಿದ್ರು, ಆದ್ರೆ ಮನಸ್ಸಿಲ್ಲದೆ.

ಒಂದು ಸಂಬಂಧ, ನಾಲ್ಕು ಪುಸ್ತಕ

1919ರಲ್ಲಿ ರೀಸ್ ಜೀನ್ ಲಾಂಗ್ಲೆ ಅನ್ನೋ ಪತ್ರಕರ್ತರನ್ನ ಮದುವೆ ಆಗಿ ಪ್ಯಾರಿಸ್‌ಗೆ ಹೋದ್ರು. ಮೊದಲ ಮಗು ಮೂರೇ ವಾರಕ್ಕೆ ತೀರಿಕೊಳ್ತು. 1922ರಲ್ಲಿ ಮಗಳು ಹುಟ್ಟಿದಳು. ಹಣದ ಅವ್ಯವಹಾರದ ಕೇಸಲ್ಲಿ ಗಂಡ ಜೈಲಿಗೆ ಹೋದ್ರು. ಆ ಹೊತ್ತಲ್ಲಿ ಆಸರೆ ಕೊಟ್ಟವರು ಇಂಗ್ಲಿಷ್ ಲೇಖಕ, ಸಂಪಾದಕ ಫೋರ್ಡ್ ಮ್ಯಾಡಾಕ್ಸ್ ಫೋರ್ಡ್. ಇವರ ಬರಹ ಮೊದಲು ಪ್ರಕಟಿಸಿದ್ದೂ ಅವರೇ, ಜೀನ್ ರೀಸ್ ಅನ್ನೋ ಹೆಸರು ಬಂದಿದ್ದೂ ಆಗಲೇ. ಆ ಆಸರೆ ಪ್ರೇಮ ಸಂಬಂಧ ಆಗಿ, ಆಮೇಲೆ ಕೆಟ್ಟದಾಗಿ ಮುರೀತು.

ಇದರ ಮುಂದಿನ ಭಾಗ ಯಾವ ವೆಬ್ ಸೀರೀಸ್‌ಗೂ ಕಡಿಮೆ ಇಲ್ಲ. ಇದರಲ್ಲಿ ಸಿಕ್ಕಿಬಿದ್ದ ನಾಲ್ಕು ಜನವೂ ಒಂದೊಂದು ಪುಸ್ತಕ ಬರೆದ್ರು. ರೀಸ್ 1928ರಲ್ಲಿ ‘ಕ್ವಾರ್ಟೆಟ್’ ಬರೆದ್ರು. ಫೋರ್ಡ್ ತಮ್ಮ ಕಾದಂಬರಿಯಲ್ಲಿ ತಮ್ಮ ಬಣ್ಣ ಹಚ್ಚಿದ್ರು. ಫೋರ್ಡ್ ಜೊತೆಗಿದ್ದ ಕಲಾವಿದೆ ಸ್ಟೆಲ್ಲಾ ಬೋವೆನ್ ಆತ್ಮಕಥೆಯಲ್ಲಿ ತಮ್ಮ ಮಾತು ಹೇಳಿದ್ರು. ಗಂಡ ಲಾಂಗ್ಲೆ ಕೂಡ ತಮ್ಮ ಕಡೆಯ ಕಥೆಯನ್ನ ಕಾದಂಬರಿ ಮಾಡಿದ್ರು. ಆ ಗಂಡನ ಪುಸ್ತಕವನ್ನ ಇಂಗ್ಲಿಷ್‌ಗೆ ಅನುವಾದ ಮಾಡಿದ್ದು ಯಾರು ಗೊತ್ತಾ? ಸ್ವತಃ ಜೀನ್ ರೀಸ್. 1932ರಲ್ಲಿ ‘ಬಾರ್ಡ್’ ಅನ್ನೋ ಹೆಸರಲ್ಲಿ ಬಂತು.

ತಮ್ಮ ವಿರುದ್ಧದ ಸಾಕ್ಷಿಯನ್ನ ತಾವೇ ಕೂತು ಭಾಷಾಂತರ ಮಾಡಿದವರಿಗೆ ಪ್ರತಿ ಕಥೆಗೂ ಇನ್ನೊಂದು ಮಗ್ಗುಲು ಇರುತ್ತೆ ಅನ್ನೋದು ಚೆನ್ನಾಗೇ ಗೊತ್ತಿರುತ್ತೆ ಅಲ್ವಾ?

ಕಾಣೆಯಾದ ಲೇಖಕಿ

1939ರ ಹೊತ್ತಿಗೆ ನಾಲ್ಕು ಕಾದಂಬರಿ, ಒಂದು ಕಥಾ ಸಂಕಲನ ಬಂದಿತ್ತು. ವಿಮರ್ಶಕರು ಶೈಲಿಯನ್ನ ಮೆಚ್ಚಿದ್ರು, ಆದ್ರೆ ಇಷ್ಟು ಕತ್ತಲೆ ಯಾಕೆ ಅಂದ್ರು. ಮಾರಾಟ ಆಗಲಿಲ್ಲ. ಯುದ್ಧ ಶುರುವಾಯ್ತು. ರೀಸ್ ಹೆಸರು ಮರೆಯಾಯ್ತು, ಪುಸ್ತಕಗಳು ಅಂಗಡಿಯಲ್ಲಿ ಸಿಗದಂತಾಯ್ತು. ಸತ್ತೇ ಹೋಗಿದ್ದಾರೆ ಅಂತ ಎಷ್ಟೋ ಜನ ತಿಳ್ಕೊಂಡಿದ್ರು.

ಅವರು ಸತ್ತಿರಲಿಲ್ಲ. ಎರಡನೇ ಗಂಡ 1945ರಲ್ಲಿ ತೀರಿಕೊಂಡಿದ್ರು. ಮೂರನೇ ಗಂಡ ವಂಚನೆ ಕೇಸಲ್ಲಿ ಜೈಲು ಸೇರಿದ್ರು. ಕುಡಿತ, ನೆರೆಹೊರೆಯವರ ಜೊತೆ ಜಗಳ, ಕೋರ್ಟು. 1949ರಲ್ಲಿ ಅವರನ್ನೇ ಕೆಲವು ದಿನ ಲಂಡನ್‌ನ ಹಾಲೋವೇ ಜೈಲಲ್ಲಿ ಇಟ್ಟಿದ್ರು.

ಆ ಜೈಲಿಂದ ಒಂದು ಒಳ್ಳೇ ಕಥೆ ಹುಟ್ಟಿತು, ‘ಲೆಟ್ ದೆಮ್ ಕಾಲ್ ಇಟ್ ಜಾಝ್’. ಪ್ರಕಟ ಆಗಿದ್ದು 1962ರಲ್ಲಿ. ಕೆರಿಬಿಯನ್‌ನಿಂದ ಲಂಡನ್‌ಗೆ ಬಂದ ಸೆಲಿನಾ ಅನ್ನೋಳು ತನ್ನದೇ ಆಡುಮಾತಲ್ಲಿ ಕಥೆ ಹೇಳ್ತಾಳೆ. ಜೈಲಲ್ಲಿ ಯಾವಳೋ ಹಾಡಿದ ಹಾಡೊಂದು ಅವಳ ಮನಸ್ಸಿಗೆ ನಾಟುತ್ತೆ. ಹೊರಗೆ ಬಂದ ಮೇಲೆ ಪಾರ್ಟಿಯೊಂದರಲ್ಲಿ ಆ ಧಾಟಿಯನ್ನ ಶಿಳ್ಳೆ ಹಾಕ್ತಾಳೆ. ಅಲ್ಲಿದ್ದವನೊಬ್ಬ ಅದನ್ನ ಜಾಝ್ ಮಾಡಿ ಮಾರಿಬಿಡ್ತಾನೆ. ಥ್ಯಾಂಕ್ಸ್ ಹೇಳಿ ಅವಳಿಗೆ ಐದು ಪೌಂಡ್ ಕಳಿಸ್ತಾನೆ. ನೀವು ಮಾಡಿದ ರೀಲ್‌ನ ಯಾರೋ ಎತ್ತಿಕೊಂಡು ಲಕ್ಷಾಂತರ ವ್ಯೂಸ್ ಮಾಡ್ಕೊಂಡಾಗ ಆಗುತ್ತಲ್ಲ, ಆ ಸಂಕಟ ಈ ಕಥೆಯಲ್ಲಿದೆ.

ಇವರನ್ನ ಹುಡುಕಿದ್ದು ರೇಡಿಯೋ. ‘ಗುಡ್ ಮಾರ್ನಿಂಗ್, ಮಿಡ್‌ನೈಟ್’ ಕಾದಂಬರಿಯನ್ನ ಬಿಬಿಸಿಗೆ ಅಳವಡಿಸಬೇಕು ಅಂತ ನಟಿ ಸೆಲ್ಮಾ ವಾಜ್ ಡಿಯಾಸ್ 1949ರಲ್ಲಿ ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ರು. ಜೀನ್ ರೀಸ್ ಎಲ್ಲಿದ್ದಾರೆ, ಗೊತ್ತಿದ್ದವರು ತಿಳಿಸಿ ಅಂತ. ರೀಸ್ ತಾವೇ ಉತ್ತರ ಬರೆದ್ರು. ಆ ಕಾರ್ಯಕ್ರಮ ಪ್ರಸಾರ ಆಗಿದ್ದು 1957ರಲ್ಲಿ. ಆಮೇಲೆ ಆಂಡ್ರೆ ಡಾಯ್ಚ್ ಪ್ರಕಾಶನದ ಫ್ರಾನ್ಸಿಸ್ ವಿಂಡಮ್ ಮತ್ತು ಡಯಾನಾ ಅತಿಲ್ ಸಂಪರ್ಕ ಮಾಡಿದ್ರು. ಹೊಸ ಕಾದಂಬರಿ ಬರೀತಿದ್ದೀನಿ ಅಂದ್ರು ರೀಸ್. ಪ್ರಕಾಶನ ಅದರ ಹಕ್ಕು ಕಾದಿರಿಸೋಕೆ ಕೊಟ್ಟ ಮೊತ್ತ 25 ಪೌಂಡ್.

ಆ ಪುಸ್ತಕ ಮುಗಿಯೋಕೆ ಒಂಬತ್ತು ವರ್ಷ ಆಯ್ತು. ಡೆವನ್ ಜಿಲ್ಲೆಯ ಚೆರಿಟನ್ ಫಿಟ್ಜ್‌ಪೇನ್ ಅನ್ನೋ ಹಳ್ಳಿಯ ಪುಟ್ಟ ಮನೆ. ಕಾಯಿಲೆ ಬಿದ್ದ ಗಂಡ. 1964ರಲ್ಲಿ ಕೆಲಸ ಮುಗಿಯೋ ಹಂತಕ್ಕೆ ಬಂದಾಗ ಹೃದಯಾಘಾತ. ಕೊನೆಗೂ 1966ರಲ್ಲಿ ‘ವೈಡ್ ಸರ್ಗಾಸೋ ಸೀ’ ಬಂತು.

ಬರ್ತಾ ಅಲ್ಲ, ಆಂಟ್ವಾನೆಟ್

ಮೊದಲು ಹೆಸರಿನ ಅರ್ಥ. ಸರ್ಗಾಸೋ ಸಮುದ್ರ ಅಟ್ಲಾಂಟಿಕ್ ಒಳಗೇ ಇರೋ ಒಂದು ಭಾಗ. ಅದಕ್ಕೆ ದಡವೇ ಇಲ್ಲ, ಸುತ್ತ ಸಾಗರದ ಪ್ರವಾಹಗಳೇ ಗಡಿ. ಮೇಲೆಲ್ಲಾ ತೇಲೋ ಕಡಲಕಳೆ. ಹಾಯಿ ಹಡಗಿನ ಕಾಲದಲ್ಲಿ ಅಲ್ಲಿ ಸಿಕ್ಕಿಕೊಳ್ತೀವಿ ಅಂತ ನಾವಿಕರಿಗೆ ಭಯ. ಒಂದು ಕಡೆ ಕೆರಿಬಿಯನ್, ಆ ಕಡೆ ದೂರದಲ್ಲಿ ಯುರೋಪ್. ಎರಡಕ್ಕೂ ಸೇರದ ಹುಡುಗಿಯ ಕಥೆಗೆ ಇದಕ್ಕಿಂತ ಸರಿಯಾದ ಹೆಸರು ಸಿಗಲ್ಲ.

ಅಟ್ಟದ ಮೇಲಿನ ಹೆಂಗಸಿಗೆ ರೀಸ್ ಬಾಲ್ಯ ಕೊಟ್ರು, ದನಿ ಕೊಟ್ರು, ಆಂಟ್ವಾನೆಟ್ ಕಾಸ್ವೇ ಅನ್ನೋ ಹೆಸರು ಕೊಟ್ರು. ಮೊದಲ ಭಾಗದಲ್ಲಿ ಅವಳೇ ಕಥೆ ಹೇಳ್ತಾಳೆ. ಎರಡನೇ ಭಾಗದಲ್ಲಿ ಹೆಚ್ಚಾಗಿ ಗಂಡ ಹೇಳ್ತಾನೆ. ಆ ಗಂಡನಿಗೆ ಮಾತ್ರ ರೀಸ್ ಹೆಸರೇ ಇಡಲಿಲ್ಲ! ‘ಬರ್ತಾ’ ಅನ್ನೋದು ಅವನು ತನ್ನ ಅನುಕೂಲಕ್ಕೆ ಹೆಂಡತಿಗೆ ಅಂಟಿಸೋ ಹೆಸರು. ಹೆಸರು ಕಿತ್ತುಕೊಳ್ಳೋದೇ ಬೀಗ ಹಾಕೋದರ ಮೊದಲ ಹೆಜ್ಜೆ ಅಂತ ಓದ್ತಾ ಓದ್ತಾ ಗೊತ್ತಾಗುತ್ತೆ. ಮೂರನೇ ಭಾಗ ಇಂಗ್ಲೆಂಡಿನ ಆ ಅಟ್ಟದಲ್ಲಿ.

ಈಗ ಲೆಕ್ಕಕ್ಕೆ ಬರೋಣ. ಎರಡು ಲೆಕ್ಕ ಇದೆ.

ಮೊದಲನೇದು ಪರಿಹಾರದ ಲೆಕ್ಕ. ಕಾದಂಬರಿ ಶುರುವಾಗೋದು ಗುಲಾಮಗಿರಿ ರದ್ದಾದ ಹೊಸದರಲ್ಲಿ. ಬ್ರಿಟಿಷ್ ಸಂಸತ್ತು 1833ರಲ್ಲಿ ಕಾಯ್ದೆ ಮಾಡಿತು, 1834ರ ಆಗಸ್ಟ್ 1ರಿಂದ ಜಾರಿ. ಬಿಡುಗಡೆ ಆದವರು ಸುಮಾರು 8 ಲಕ್ಷ ಜನ. ಸರ್ಕಾರ 2 ಕೋಟಿ ಪೌಂಡ್ ಪರಿಹಾರ ತೆಗೆದಿಟ್ಟಿತು. ಅದು ಹೋಗಿದ್ದು ಗುಲಾಮರಿಗಲ್ಲ, ಮಾಲೀಕರಿಗೆ! ‘ಆಸ್ತಿ’ ಕಳ್ಕೊಂಡಿದ್ದಕ್ಕೆ ನಷ್ಟಭರ್ತಿ. ಬಿಡುಗಡೆ ಆದವರಿಗೆ ಒಂದು ಪೆನ್ನಿ ಇಲ್ಲ. ಮೇಲಾಗಿ ಹೆಚ್ಚಿನವರು 1838ರವರೆಗೆ ‘ಅಪ್ರೆಂಟಿಸ್’ ಅನ್ನೋ ಹೆಸರಲ್ಲಿ ಅದೇ ಧಣಿಗಳಿಗೆ ದುಡೀಬೇಕಾಯ್ತು. ಇದಕ್ಕೆ ಮಾಡಿದ ಸಾಲ ಬ್ರಿಟಿಷ್ ಸರ್ಕಾರದ ಪುಸ್ತಕದಲ್ಲಿ ಪೂರ್ತಿ ತೀರಿದ್ದು 2015ರಲ್ಲಿ. ಹೌದು, ಸರಿಯಾಗೇ ಕೇಳಿಸಿಕೊಂಡ್ರಿ.

ಕಾದಂಬರಿಯಲ್ಲಿ ಆಂಟ್ವಾನೆಟ್ ಮನೆಯವರು ಈ ಪರಿಹಾರಕ್ಕೆ ಕಾಯ್ತಿರ್ತಾರೆ. ದುಡ್ಡು ಬರಲ್ಲ, ಎಸ್ಟೇಟು ಪಾಳು ಬೀಳುತ್ತೆ. ಕಾದು ಕಾದು ಸಾಕಾದ ನೆರೆಮನೆಯವನು ಸಮುದ್ರಕ್ಕಿಳಿದವನು ವಾಪಸ್ ಬರಲ್ಲ. ಬಿಡುಗಡೆ ಆದ ಜನ ಒಂದು ರಾತ್ರಿ ಇವರ ಮನೆಗೆ ಬೆಂಕಿ ಇಡ್ತಾರೆ. ಇದರ ಹಿಂದೆ ರೀಸ್ ಮನೆತನದ ನೆನಪೂ ಇದೆ. 1844ರಲ್ಲಿ ಡೊಮಿನಿಕಾದಲ್ಲಿ ಜನಗಣತಿ ಶುರು ಮಾಡಿದಾಗ, ಮತ್ತೆ ಗುಲಾಮರನ್ನಾಗಿ ಮಾಡೋಕೆ ಹೆಸರು ಬರ್ಕೊಳ್ತಿದ್ದಾರೆ ಅಂತ ಜನ ಹೆದರಿ ಗಲಭೆ ಆಯ್ತು. ದಾಳಿಗೆ ಸಿಕ್ಕಿದ ಎಸ್ಟೇಟುಗಳಲ್ಲಿ ಜಿನೀವಾ ಕೂಡ ಒಂದು.

ಬೆಂಕಿಯ ರಾತ್ರಿ ಆಂಟ್ವಾನೆಟ್ ತನ್ನ ಗೆಳತಿ ಟಿಯಾ ಕಡೆಗೆ ಓಡ್ತಾಳೆ. ಟಿಯಾ ಕಪ್ಪು ಹುಡುಗಿ, ಒಟ್ಟಿಗೆ ಆಡಿ ಉಂಡವಳು. ಟಿಯಾ ಕೈಯಲ್ಲಿದ್ದ ಕಲ್ಲು ಇವಳ ಹಣೆಗೆ ಬೀಳುತ್ತೆ. ಇವಳ ಮುಖದಲ್ಲಿ ರಕ್ತ, ಅವಳ ಮುಖದಲ್ಲಿ ಕಣ್ಣೀರು. ಗೆಳೆತನ ಸುಳ್ಳಾಗಿರಲಿಲ್ಲ. ಆದ್ರೆ ಎರಡು ತಲೆಮಾರಿನ ಬಾಕಿ ಲೆಕ್ಕ ಅವರಿಬ್ಬರ ನಡುವೆ ನಿಂತಿತ್ತು.

ಎರಡನೇದು ಮದುವೆಯ ಲೆಕ್ಕ. ಆಗಿನ ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆ ಆದ ಹೆಣ್ಣಿನ ಹಣ ಗಂಡನದಾಗ್ತಿತ್ತು. ತವರಿನವರು ಮೊದಲೇ ಕರಾರು ಮಾಡಿ ಅವಳ ಹೆಸರಲ್ಲಿ ಸ್ವಲ್ಪ ಭದ್ರ ಮಾಡಿದ್ರೆ ಮಾತ್ರ ಉಳೀತಿತ್ತು. ಹೆಂಡತಿ ತನ್ನ ಆಸ್ತಿ ತಾನೇ ಇಟ್ಕೊಳ್ಳೋ ಹಕ್ಕು ಇಂಗ್ಲೆಂಡಲ್ಲಿ ಸರಿಯಾಗಿ ಬಂದಿದ್ದು 1882ರ ಕಾಯ್ದೆಯಿಂದ. ಕಾದಂಬರಿಯಲ್ಲಿ ಚಿಕ್ಕಮ್ಮ ಕೋರಾ ಇದೇ ಮಾತು ಎತ್ತಿ ಜಗಳ ಆಡ್ತಾಳೆ, ಹುಡುಗಿ ಹೆಸರಲ್ಲಿ ಏನಾದ್ರೂ ಮಾಡಿಡಿ ಅಂತ. ಯಾರೂ ಕೇಳಲ್ಲ. 30,000 ಪೌಂಡ್ ಯಾವ ಷರತ್ತೂ ಇಲ್ಲದೆ ಗಂಡನ ಕೈಗೆ ಹೋಗುತ್ತೆ.

ಸಂಸಾರ ಕೆಟ್ಟಾಗ ಕ್ರಿಸ್ಟೊಫೀನ್ ಬುದ್ಧಿ ಹೇಳ್ತಾಳೆ. ಇವಳು ಮಾರ್ಟಿನಿಕ್‌ನಿಂದ ಬಂದ ಕಪ್ಪು ಹೆಂಗಸು, ಆಂಟ್ವಾನೆಟ್‌ನ ಸಾಕಿದವಳು. ಎದ್ದು ಹೋಗು, ಇವನನ್ನ ಬಿಡು ಅಂತಾಳೆ. ಹೋಗೋಕೆ ಕೈಯಲ್ಲಿ ದುಡ್ಡಿಲ್ಲ ಅನ್ನೋದು ಆಂಟ್ವಾನೆಟ್ ಉತ್ತರ. ಕ್ರಿಸ್ಟೊಫೀನ್‌ಗೆ ಮಕ್ಕಳಿದ್ದಾರೆ, ಗಂಡ ಇಲ್ಲ. ನನ್ನ ದುಡ್ಡು ನನ್ನ ಹತ್ರ ಅಂತ ಹೆಮ್ಮೆಯಿಂದ ಹೇಳ್ತಾಳೆ. ಇಡೀ ಕಾದಂಬರಿಯಲ್ಲಿ ಹಣಕಾಸು ಸರಿಯಾಗಿ ಅರ್ಥ ಮಾಡ್ಕೊಂಡಿರೋಳು ಇವಳೊಬ್ಬಳೇ ಅನ್ನಿಸುತ್ತೆ ನನಗೆ.

ಹುಚ್ಚು ಅನ್ನೋದು ಈ ಕಾದಂಬರಿಯಲ್ಲಿ ರಕ್ತದಲ್ಲಿ ಬಂದ ಕಾಯಿಲೆಯ ಥರ ಕಾಣಲ್ಲ. ಹೆಸರು ಹೋಯ್ತು, ಹಣ ಹೋಯ್ತು, ಊರು ಹೋಯ್ತು, ಬಾಗಿಲಿಗೆ ಬೀಗ ಬಿತ್ತು. ಇಷ್ಟೆಲ್ಲಾ ಆದ ಮೇಲೆ ಯಾರಾದ್ರೂ ಕಿರುಚಿದ್ರೆ ಅದಕ್ಕೆ ಏನಂತ ಹೆಸರಿಡ್ತೀರಿ?

ರೀಸ್ ಎಲ್ಲರ ದನಿ ಆದ್ರಾ?

ಇಲ್ಲಿ ಪುಸ್ತಕವನ್ನ ಬರೀ ಹೊಗಳಿ ಮುಗಿಸಿದ್ರೆ ಅನ್ಯಾಯ ಆಗುತ್ತೆ. ಬಾರ್ಬಡೋಸ್‌ನ ಕವಿ, ಇತಿಹಾಸಕಾರ ಕಮಾವ್ ಬ್ರಾಥ್‌ವೇಟ್ 1974ರಲ್ಲಿ ಒಂದು ಗಟ್ಟಿ ಪ್ರಶ್ನೆ ಎತ್ತಿದ್ರು. ಬಿಳಿ ಕ್ರಿಯೋಲ್ ಅನುಭವಕ್ಕೂ ಕೆರಿಬಿಯನ್‌ನ ಬಹುಪಾಲು ಕಪ್ಪು ಜನರ ಬದುಕಿಗೂ ನಡುವೆ ಇರೋ ಕಂದಕ ತುಂಬಾ ದೊಡ್ಡದು ಅಂದ್ರು. ನಮ್ಮ ಕೋಲ್ಕತಾದಲ್ಲಿ ಹುಟ್ಟಿದ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ 1985ರ ಪ್ರಬಂಧದಲ್ಲಿ ಕ್ರಿಸ್ಟೊಫೀನ್ ಕಡೆ ಬೆರಳು ತೋರಿಸಿದ್ರು. ಗಂಡನ ಎದುರು ನಿಂತು ವಾದ ಮಾಡೋ ಇಷ್ಟು ಗಟ್ಟಿ ಹೆಂಗಸು ಕಥೆಯ ಮಧ್ಯದಲ್ಲೇ ಹೊರಗೆ ಹೋಗಿಬಿಡ್ತಾಳೆ. ಬರ್ತಾಗೆ ದನಿ ಸಿಕ್ಕಿತು, ಕ್ರಿಸ್ಟೊಫೀನ್‌ಗೆ?

ಮುತ್ತಜ್ಜನ ಎಸ್ಟೇಟು ನೆನಪಿಟ್ಕೊಳ್ಳಿ ಅಂದಿದ್ದು ಇದಕ್ಕೇ. ರೀಸ್ ತಮಗೆ ಗೊತ್ತಿದ್ದ ಗಾಯದಿಂದ ಬರೆದ್ರು, ಆ ಮನೆತನ ಮಾಡಿದ ಗಾಯ ಇನ್ನೂ ದೊಡ್ಡದಿತ್ತು. ಎರಡೂ ಏಕಕಾಲಕ್ಕೆ ನಿಜ. ಒಂದು ಪುಸ್ತಕವನ್ನ ಇಷ್ಟಪಡ್ತಾನೇ ಅದರ ಮಿತಿ ಹೇಳೋದು ತಪ್ಪಲ್ಲ. ರೀಸ್ ಬ್ರಾಂಟೆಗೆ ಮಾಡಿದ್ದೂ ಅದನ್ನೇ.

ಸಹಿ ಹಾಕೋ ಮುಂಚೆ

1967ರಲ್ಲಿ ಈ ಕಾದಂಬರಿಗೆ ಡಬ್ಲ್ಯೂ.ಎಚ್. ಸ್ಮಿತ್ ಪ್ರಶಸ್ತಿ ಬಂತು. ಹಳೇ ಪುಸ್ತಕಗಳೆಲ್ಲ ಮತ್ತೆ ಅಚ್ಚಾದವು. ಇದೆಲ್ಲಾ ತುಂಬಾ ತಡವಾಗಿ ಬಂತು ಅನ್ನೋದು ರೀಸ್ ಪ್ರತಿಕ್ರಿಯೆ. ಗಂಡ ಹಿಂದಿನ ವರ್ಷವೇ ತೀರಿಕೊಂಡಿದ್ರು.

ಇಲ್ಲೂ ಒಂದು ಲೆಕ್ಕ ಇದೆ. ಡಯಾನಾ ಅತಿಲ್ ತಮ್ಮ ‘ಸ್ಟೆಟ್’ ನೆನಪಿನ ಪುಸ್ತಕದಲ್ಲಿ ಇದನ್ನ ಬರೆದಿದ್ದಾರೆ. ಕಾದಂಬರಿ ಬರೋ ಮೊದಲೇ, ರೀಸ್‌ರನ್ನ ಹುಡುಕಿ ತೆಗೆದ ಅದೇ ಸೆಲ್ಮಾ ವಾಜ್ ಡಿಯಾಸ್ ಒಂದು ಕಾಗದಕ್ಕೆ ಅವರಿಂದ ಸಹಿ ಹಾಕಿಸಿಕೊಂಡಿದ್ರು. ಸಿನಿಮಾ, ನಾಟಕ, ಟಿವಿ, ರೇಡಿಯೋ ಅಳವಡಿಕೆಗಳಿಂದ ಬರೋ ಹಣದಲ್ಲಿ ಅರ್ಧ ಸೆಲ್ಮಾಗೆ. ಅದೊಂದು ತಮಾಷೆ ಅಂದ್ಕೊಂಡು ರೀಸ್ ಸಹಿ ಹಾಕಿದ್ರಂತೆ. ಅದು ತಮಾಷೆ ಆಗಿರಲಿಲ್ಲ. ಆಮೇಲೆ ಮಧ್ಯಸ್ಥಿಕೆ ಮಾಡಿ ಆ ಪಾಲನ್ನ ಮೂರನೇ ಒಂದಕ್ಕೆ ಇಳಿಸೋಕೆ ಮಾತ್ರ ಆಯ್ತು. ಷರತ್ತಿಲ್ಲದೆ ಕೈಬಿಟ್ಟ ಹಣದ ಬಗ್ಗೆ ಇಂಗ್ಲಿಷ್‌ನ ದೊಡ್ಡ ಕಾದಂಬರಿಯೊಂದನ್ನ ಬರೆದವರಿಗೇ ಹೀಗಾಯ್ತು.

ಹಾಗಾಗಿ ಕಂಟೆಂಟ್ ಮಾಡೋ ಗೆಳೆಯ ಗೆಳತಿಯರಿಗೆ ಒಂದು ಮಾತು. ನಿಮ್ಮನ್ನ ಪ್ರೀತಿಯಿಂದ ಹುಡುಕಿಕೊಂಡು ಬಂದವರ ಕಾಗದವನ್ನೂ ಪೂರ್ತಿ ಓದಿ. ಎಷ್ಟು ಪಾಲು, ಎಷ್ಟು ವರ್ಷ, ಯಾವ ಯಾವ ಮಾಧ್ಯಮ, ಈ ಮೂರನ್ನ ಕೇಳದೆ ಪೆನ್ನು ತೆಗೀಬೇಡಿ.

ಜೀನ್ ರೀಸ್ ತೀರಿಕೊಂಡಿದ್ದು 1979ರ ಮೇ 14ರಂದು, 88ನೇ ವಯಸ್ಸಲ್ಲಿ. ಆರು ತಿಂಗಳ ಹಿಂದಷ್ಟೇ, 1978ರ ನವೆಂಬರ್ 3ರಂದು ಡೊಮಿನಿಕಾ ಸ್ವತಂತ್ರ ದೇಶ ಆಗಿತ್ತು. ಇಂಗ್ಲೆಂಡಿಗೆ ಹೋದ ಮೇಲೆ ಹುಟ್ಟೂರಿಗೆ ಅವರು ವಾಪಸ್ ಹೋಗಿದ್ದು ಒಂದೇ ಸಲ, 1936ರಲ್ಲಿ. ಆತ್ಮಕಥೆ ‘ಸ್ಮೈಲ್ ಪ್ಲೀಸ್’ ಪೂರ್ತಿ ಆಗಲಿಲ್ಲ, ಬರೆದಷ್ಟು ಭಾಗ ಅವರು ಹೋದ ಮೇಲೆ ಪ್ರಕಟ ಆಯ್ತು.

ಓದಬೇಕು ಅನ್ನಿಸಿದ್ರೆ ಎಲ್ಲಿಂದ ಶುರು ಮಾಡೋದು? ಟೈಮ್ ಕಡಿಮೆ ಇದ್ರೆ ‘ಲೆಟ್ ದೆಮ್ ಕಾಲ್ ಇಟ್ ಜಾಝ್’, ಒಂದೇ ಕೂತಲ್ಲಿ ಮುಗಿಯುತ್ತೆ. ಊರು ಬಿಟ್ಟು ದೊಡ್ಡ ಸಿಟಿಯಲ್ಲಿ ರೂಮ್ ಮಾಡ್ಕೊಂಡು ಇರೋರು ‘ವಾಯೇಜ್ ಇನ್ ದ ಡಾರ್ಕ್’ ಓದಿ. ‘ವೈಡ್ ಸರ್ಗಾಸೋ ಸೀ’ ಸಣ್ಣ ಪುಸ್ತಕ, ‘ಜೇನ್ ಐರ್’ ಓದದೇ ಇದ್ರೂ ಅರ್ಥ ಆಗುತ್ತೆ. ಓದಿದ್ದರಂತೂ ಆ ಹಳೇ ಬಂಗಲೆ ಮತ್ತೆ ಮೊದಲಿನ ಥರ ಕಾಣಲ್ಲ, ಮೇಲಿನ ಅಂತಸ್ತಿನ ಸದ್ದು ಕಿವಿಗೆ ಬೀಳೋಕೆ ಶುರುವಾಗುತ್ತೆ.

ನಿಮಗೆ ಗೊತ್ತಿರೋ ಯಾವ ಕಥೆಯಲ್ಲಿ ಯಾವ ಪಾತ್ರ ಇನ್ನೂ ಬಾಯಿ ಬಿಟ್ಟಿಲ್ಲ? ವಾಯ್ಸ್ ನೋಟ್ ಕಳಿಸಿ, ಒಳ್ಳೆಯದನ್ನ ಮುಂದಿನ ವಾರ ಕೇಳಿಸ್ತೀನಿ.